ಮಾವಿನ ಬುಟ್ಟಿ, ಹಣ್ಣಿನ ಬುಟ್ಟಿ

ಹೊಳೆದಂಡೆಯ ಆಶ್ರಮದಲ್ಲಿ ಅನಿರುದ್ಧಾಚಾರ್ಯರು ಪ್ರೋಗ್ರಾಮಿಂಗ್ ಕಲಿಸುತ್ತಿದ್ದರು. ಅವರ ಶಿಷ್ಯ ಶ್ರೀಕರನಿಗೆ ಅಂದು ನಿಂತಲ್ಲಿ ಕಾಲು ನಿಲ್ಲುತ್ತಿರಲಿಲ್ಲ. ಆಶ್ರಮದ ಆಸ್ಪತ್ರೆಗೆ ಅವನು ಬರೆದ ಪ್ರೋಗ್ರಾಂ ಸಂಜೆಯೇ ಚಾಲೂ ಆಗಬೇಕಿತ್ತು.

“ಗುರುಗಳೇ, ಈ ಕಂಪೈಲರ್‌ಗೆ ತಲೆ ಕೆಟ್ಟಿದೆ. ಬರೆದದ್ದರಲ್ಲಿ ತಪ್ಪು ಹುಡುಕಿ ಪ್ರೋಗ್ರಾಂ ಓಡೋಕೇ ಬಿಡ್ತಿಲ್ಲ. ಮಕ್ಕಳ ಔಷಧಿಯೂ ಔಷಧಿಯೇ ತಾನೆ? ಮಕ್ಕಳ ಔಷಧಿಗಳ ಪಟ್ಟಿಯನ್ನ ಔಷಧಿಗಳ ಪಟ್ಟಿ ಅಂತ ಕೊಟ್ಟರೆ, ಟೈಪ್ ಬೇರೆ ಅನ್ನುತ್ತೆ ಮುಂಡೇದು! ಟೈಪನ್ನ ಬಲವಂತವಾಗಿ ಬದಲಾಯಿಸಿಬಿಡಲೇ?”

ಗುರುಗಳು ಹಿಂದಿನ ದಿನ ಏಕಾದಶಿಯ ಉಪವಾಸ ಮಾಡಿದ್ದರು. ಅಂದಿನ ಪಾರಣೆಗೆ ಹಾಲಿಗೆ ಮಾವು ಹಿಂಡಿದ ಸೀಕರಣೆ ಆಗಬೇಕಿತ್ತು. ಅವರು ಅಡುಗೆಮನೆಯ ಬಾಗಿಲಲ್ಲಿದ್ದ ಬುಟ್ಟಿ ತೋರಿಸಿದರು.

“ಅದರಲ್ಲೇನಿದೆ?”

“ಪುಟ್ಟ ಕಾಡುಮಾವು.”

“ಮಾವು ಹಣ್ಣು ತಾನೆ? ಜಗಲಿಗೆ ಒಯ್ದು, ಹಣ್ಣಿನ ಬುಟ್ಟಿ ಅಂತ ಹೇಳಿ ಇಡು.”

ಇಟ್ಟ. ಮುದುಕಿಯೊಬ್ಬಳು ಬಂದು ಹಣ್ಣು ಕೇಳಿದಳು. ಮಾವು ಸಿಕ್ಕಿತು, ಹರಸಿ ಹೋದಳು. ಶ್ರೀಕರ ಗೆದ್ದವನಂತೆ ಗುರುಗಳ ಕಡೆ ನೋಡಿದ.

ಆಮೇಲೆ ಭಕ್ತನೊಬ್ಬ ಬಂದ. “ಹಣ್ಣಿನ ಬುಟ್ಟಿಯಾ ಸ್ವಾಮಿ?” ಎನ್ನುತ್ತ ತಾನು ತಂದಿದ್ದ ನಿಂಬೆಹಣ್ಣುಗಳನ್ನು ಅದಕ್ಕೇ ಸುರಿದು ಕೈಮುಗಿದ. ಬೇಡ ಅನ್ನಲು ಶ್ರೀಕರನಿಗೆ ಕಾರಣ ಸಿಗಲಿಲ್ಲ. ನಿಂಬೆಯೂ ಹಣ್ಣೇ.

ಹೊತ್ತಾಯಿತೆಂದು ಅಡುಗೆಯ ಪದ್ದಕ್ಕ ಬಂದು ಬುಟ್ಟಿ ಒಳಗೊಯ್ದಳು. ಅವಳಿಗೆ ಕಣ್ಣು ಮಂಜು, ಮೇಲೆ ನೆಗಡಿ ಬೇರೆ. ಅವಳ ಪಾಲಿಗೆ ಅದು ಮಾವಿನ ಬುಟ್ಟಿಯೇ. ಕೈಗೆ ಸಿಕ್ಕಿದ್ದನ್ನು ಹೆಚ್ಚಿ ಹಾಲಿಗೆ ಹಿಂಡಿದಳು.

“ಅಯ್ಯೋ, ಹಾಲು ಒಡೀತಲ್ಲಪ್ಪಾ!”

ಶ್ರೀಕರ ಒಳಗೆ ಓಡಿ ನೋಡಿದ. ಗುರುಗಳ ಪಾರಣೆ ಕೆಟ್ಟಿತು, ಅದಿರಲಿ. ತಾನು ಟೈಪ್ ಬದಲಾಯಿಸಿಬಿಟ್ಟಿದ್ದರೆ ಸಂಜೆ ಮಕ್ಕಳ ಪಟ್ಟಿಗೆ ದೊಡ್ಡವರ ಮಾತ್ರೆ ಸೇರಿ, ಅದು ಯಾವ ಮಗುವಿನ ಬಾಯಿಗೆ ಬೀಳುತ್ತಿತ್ತೋ!

“ತೆಗೆಯೋರಿಂದ ಏನೂ ಆಗಲಿಲ್ಲ,” ಎಂದ ಮೆಲ್ಲಗೆ. “ಹಾಕೋರು ಬಂದಾಗ ಕೆಟ್ಟಿತು. ಪಟ್ಟಿಯಿಂದ ಬರೀ ತೆಗೆಯೋಕೆ ಬಿಟ್ಟು, ಹಾಕೋಕೆ ಬಿಡದ ಇಂಟರ್‌ಫೇಸ್ ಆಗಿದ್ದರೆ?”

“ಆಗ ಧಾರಾಳವಾಗಿ ಹಣ್ಣಿನ ಬುಟ್ಟಿ ಅನ್ನು.”

“ಬರೀ ಹಾಕೋದಾದರೆ?”

ಗುರುಗಳು ಅಂಗಳದ ಹಸುವಿನ ಕಡೆ ಕೈ ತೋರಿದರು. “ಆಗ ಲೆಕ್ಕ ತಿರುಗುಮುರುಗು. ಯಾವ ಹಣ್ಣಿನ ಸಿಪ್ಪೆ ಹಾಕಿದರೂ ತಿನ್ನೋ ಹಸು, ಮಾವಿನ ಸಿಪ್ಪೆ ಒಲ್ಲೆ ಅನ್ನುತ್ತದೆಯೆ? ಮಾವಿನ ಸಿಪ್ಪೆಯೊಂದನ್ನೇ ತಿನ್ನೋ ಹಸುವಿಗೆ ಎಲ್ಲ ಸಿಪ್ಪೆ ಹಾಕಬೇಡ.”

ಶ್ರೀಕರ ಕಾಲಿಗೆ ಬಿದ್ದ. “ತಪ್ಪಾಯ್ತು ಗುರುಗಳೇ. ಇಷ್ಟಾಗೋ ಮೊದಲೇ ನನಗೊಂದು ಮಾತು ಹೇಳಬಾರದಿತ್ತೇ?”

ಗುರುಗಳು ಒಡೆದ ಹಾಲಿನ ಲೋಟ ಎತ್ತಿಕೊಂಡರು.

“ಕಂಪೈಲರ್ ಹೇಳಿತ್ತಲ್ಲೋ, ಅದನ್ನ ಬೈದೆ. ಹಾಲು ಏನೂ ಹೇಳಲಿಲ್ಲ, ಒಡೀತು.”