ಅಪ್ಪ ಕಡಲಕುದುರೆಗೆ ಹೊಟ್ಟೆಯಲ್ಲಿ ಸಂಚಿ ಬಂದದ್ದು

ಲೋಕ ಆಗಿನ್ನೂ ಹೊಸದು. ಕಡಲಿಗೆ ಹಾಕಿದ ಉಪ್ಪು ಪೂರ್ತಿ ಕರಗಿರಲಿಲ್ಲ. ಏಡಿಗೆ ಅಡ್ಡಡ್ಡ ನಡೆಯುವುದು ರೂಢಿಯಾಗಿರಲಿಲ್ಲ. ಮೀನು, ಮರ, ಗಾಳಿ, ಮನುಷ್ಯರು ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡುತ್ತಿದ್ದರು, ಒಂದೇ ಭಾಷೆಯಲ್ಲಿ ಜಗಳವನ್ನೂ ಆಡುತ್ತಿದ್ದರು.

ಆ ಕಾಲದಲ್ಲಿ ಡೊಂಕಯ್ಯ ಎಂಬ ಕಡಲಕುದುರೆ ಇದ್ದ. ಕುದುರೆಯ ಮುಖ, ಸುರುಳಿ ಬಾಲ, ಈಜುವುದರಲ್ಲಿ ಮಾತ್ರ ಬಲು ನಿಧಾನ. ಅವನ ಎರಡು ಕಣ್ಣೂ ನಿನ್ನ ನನ್ನ ಕಣ್ಣಿನ ಹಾಗೆ ಒಟ್ಟಿಗೇ ಒಂದೇ ಕಡೆ ನೋಡುತ್ತಿದ್ದವು. ಹೊಟ್ಟೆಯೂ ಬರೀ ಹೊಟ್ಟೆ. ಅದರಲ್ಲಿ ಸಂಚಿಗಿಂಚಿ ಏನೂ ಇರಲಿಲ್ಲ.

ಸಂಶಯ ಮಾತ್ರ ಹೊಟ್ಟೆ ತುಂಬ ಇತ್ತು.

ಅದು ಸುಮ್ಮನೆ ಬಂದದ್ದೇನಲ್ಲ. ಅವನ ಹೆಂಡತಿ ಮಿನುಗಿ ಎರಡು ಸಲ ಮೊಟ್ಟೆ ಇಟ್ಟಿದ್ದಳು. ಆಗೆಲ್ಲ ಮೊಟ್ಟೆಯನ್ನು ಕಡಲಹುಲ್ಲಿನ ಎಲೆಗೆ ಅಂಟಿಸಿಡುವುದು ಪದ್ಧತಿ. ಮೊದಲ ಸಲದ್ದನ್ನು ಏಡಿ ತಿಂದಿತು. ಎರಡನೆಯ ಸಲ ಯಾರು ತಿಂದರೆಂದೇ ತಿಳಿಯಲಿಲ್ಲ. ಹಾಗೆ ತಿಳಿಯದೆ ಹೋದದ್ದು ಡೊಂಕಯ್ಯನನ್ನು ಒಳಗೊಳಗೇ ಕೊರೆಯಿತು. ಅಂದಿನಿಂದ ಎದುರಿಗೆ ಯಾರು ಬಂದರೂ ಅವನು ಮೊದಲು ಅವರ ಬಾಯಿಯನ್ನೇ ನೋಡುತ್ತಿದ್ದ.

ಮೂರನೆಯ ಸಲ ಮೊಟ್ಟೆ ಇಡುವ ಕಾಲ ಹತ್ತಿರ ಬಂದಾಗ ಮಿನುಗಿ ಅತ್ತಳು. "ಈ ಸಲವೂ ಹೋದ್ರೆ ನನ್ನಿಂದ ತಡಕೊಳ್ಳಲಿಕ್ಕೆ ಆಗೂದಿಲ್ಲ, ನೋಡಿ. ಇನ್ನು ಮೊಟ್ಟೆಯೇ ಇಡೂದಿಲ್ಲ ನಾನು."

ದಡದಲ್ಲಿ ಚಿಪ್ಪು ಹೆಕ್ಕುತ್ತಿದ್ದ ಹೊನ್ನಜ್ಜಿಯ ಕಿವಿಗೆ ಅದು ಬಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು ನೀರೊಳಗೆ ಬಗ್ಗಿ ನೋಡಿದಳು. "ಅಳ್ಬೇಡ ಮಗಳೇ. ನನ್ನ ಜಗಲಿಯಲ್ಲಿ ಒಂದು ಕಲ್ಲುಬಾನಿ ಉಂಟು. ಅದ್ರಲ್ಲಿ ನಿಮಗೆ ಒಂದು ಸಣ್ಣ ಕಡಲು ಮಾಡಿಕೊಡ್ತೇನೆ. ತೆರೆ ಇಲ್ಲ, ಏಡಿ ಇಲ್ಲ. ಮೊಟ್ಟೆ ಇಟ್ಟು, ಮರಿ ಮಾಡಿಕೊಂಡು ಹೋಗಿ."

"ಎಂತಕ್ಕೆ?" ಎಂದು ಡೊಂಕಯ್ಯ ಥಟ್ಟನೆ ಕೇಳಿದ. "ಅಜ್ಜಿಗೆ ಎಂತ ಲಾಭ?"

"ಲಾಭ ಎಂತದು ಮಾರಾಯ? ನೋಡ್ಲಿಕ್ಕೆ ಚೆಂದ ಅಂತ."

ನೋಡಲು ಚೆಂದ ಎಂದು ಯಾರಾದರೂ ಇಷ್ಟು ಪಾಡು ಪಡುತ್ತಾರೆಯೇ? ಡೊಂಕಯ್ಯ ಅಜ್ಜಿಯ ಬಾಯಿ ನೋಡಿದ. ಹಲ್ಲು ನಾಲ್ಕೇ ಇದ್ದವು. ಆದರೆ ನಾಲ್ಕೂ ಗಟ್ಟಿಯಾಗಿದ್ದವು.

ಅಜ್ಜಿ ಕೆಲಸಕ್ಕೆ ಇಳಿದಳು. ಬಾನಿಯನ್ನು ತಿಕ್ಕಿ ತೊಳೆದಳು. ತಳಕ್ಕೆ ಮರಳು ಹರಡಿದಳು. ಎರಡು ಕಲ್ಲು ಇಟ್ಟಳು. ಬೇರು ಕಡಿಯದ ಹಾಗೆ ಕಡಲಹುಲ್ಲು ಕಿತ್ತು ತಂದು ನೆಟ್ಟಳು, ಬಾಲ ಸುತ್ತಿಕೊಳ್ಳಲು ಏನಾದರೂ ಬೇಕಲ್ಲ. ಕೊಡ ಕೊಡವಾಗಿ ಕಡಲ ನೀರು ಹೊತ್ತು ತಂದು, ಹುಲ್ಲು ಅಲುಗದಂತೆ ಮೆಲ್ಲಗೆ ಸುರಿದಳು.

ಜೊತೆಗೆ ಒಬ್ಬ ನೆರೆಯವನನ್ನೂ ಗೊತ್ತುಮಾಡಿದಳು. ಅವನು ಕಡ್ಡಣ್ಣ ಎಂಬ ಕೊಳವೆಮೀನು. ಕಡಲಕುದುರೆಗೆ ದೂರದ ದಾಯಾದಿ. ಮುಖ ಅದೇ, ಮೈ ಮಾತ್ರ ನೆಟ್ಟಗೆ ಕಡ್ಡಿಯಂತೆ. "ಇವನೂ ನಿಮ್ಮ ಹಾಗೆಯೇ, ಸಣ್ಣ ಬಾಯಿ, ನಿಧಾನ ಊಟ. ಗಡಿಬಿಡಿಯ ಮೀನು ತಂದು ಹಾಕಿದ್ರೆ ನಿಮಗೆ ಒಂದು ತುತ್ತೂ ಉಳಿಯೂದಿಲ್ಲ" ಎಂದಳು ಅಜ್ಜಿ.

ದಾಯಾದಿ ಎಂದ ಕೂಡಲೇ ಡೊಂಕಯ್ಯನ ಬಾಲ ಬಿಗಿಯಾಯಿತು.

"ಮತ್ತೊಂದು ಮಾತು. ಈಗಲೇ ಇಳಿಯಬಾರ್ದು. ನೀರು ಹದಕ್ಕೆ ಬರ್ಬೇಕು. ಹುಲ್ಲು ಬೇರು ಬಿಡ್ಲಿ, ಕಲ್ಲಿಗೆ ಹಸಿರು ಪಾಚಿ ಕಟ್ಲಿ. ಬರುವ ಹುಣ್ಣಿಮೆ ತನಕ ಕಾಯಿರಿ" ಎಂದಳು ಅಜ್ಜಿ.

ಆಗ ಗಾಳಿ ಬಂತು. ಗಾಳಿಗೆ ಕೆಲಸ ಇಲ್ಲ, ಮಾತು ಬಹಳ. ಅದು ಡೊಂಕಯ್ಯನ ಕಿವಿಯಲ್ಲಿ ಪಿಸುಗುಟ್ಟಿತು. "ಕಾಯ್ಲಿಕ್ಕೆ ಹೇಳಿದ್ಲಾ? ಹದ ಅಂದ್ಲಾ? ನಿನ್ನೆ ಅವಳ ಒಲೆಯ ಹತ್ರ ಹಾದು ಬಂದೆ. ಸಾರಿಗೂ ಹದ ಬರ್ಲಿ ಅಂತಲೇ ಹೇಳ್ತಿದ್ಲಪ್ಪ. ಆ ಕಡ್ಡಣ್ಣ ಬೇರೆ ಬಾನಿಯ ವಿಷಯ ಕೆದಕಿ ಕೆದಕಿ ಕೇಳ್ತಾ ಇದ್ದಾನೆ. ಒಳ್ಳೆ ಮೂಲೆ ಯಾವುದು ಅಂತ ಇರ್ಬೇಕು."

ಲೋಕದಲ್ಲಿ ಯಾರನ್ನೂ ನಂಬದ ಡೊಂಕಯ್ಯ ಗಾಳಿಯನ್ನು ನಂಬಿದ. ಗಾಳಿಗೆ ಬಾಯಿ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು.

ಮೂರನೆಯ ದಿನವೇ ಅವನು ಹಟ ಹಿಡಿದ. "ಈಗಲೇ ಇಳೀತೇವೆ. ಇಲ್ಲದಿದ್ರೆ ಬರೂದೇ ಇಲ್ಲ." ಅಜ್ಜಿ ಹೇಳುವಷ್ಟು ಹೇಳಿ ನೋಡಿದಳು. ಮಿನುಗಿಯೂ ಹೇಳಿದಳು. ಡೊಂಕಯ್ಯ ಕೇಳಬೇಕಲ್ಲ! ಕೊನೆಗೆ ಅಜ್ಜಿ ಮೂವರನ್ನೂ ಕೊಡದಲ್ಲಿ ತಂದು ಬಾನಿಗೆ ಬಿಟ್ಟಳು.

ಮಿನುಗಿ ನಡುವಿನ ಹುಲ್ಲಿನ ಎಲೆಗೆ ಮೊದಲ ಸಾಲು ಮೊಟ್ಟೆ ಅಂಟಿಸಿದಳು. ಡೊಂಕಯ್ಯ ಅದೇ ಹುಲ್ಲಿಗೆ ಬಾಲ ಸುತ್ತಿ ಕಾವಲು ನಿಂತ.

ಮಾರನೆಯ ಬೆಳಿಗ್ಗೆ ನೋಡಿದರೆ ನಾಲ್ಕು ಮೊಟ್ಟೆ ಇಲ್ಲ.

ಯಾರು? ಬಾನಿಗೆ ಕೈ ಹಾಕುವವಳು ಹೊನ್ನಜ್ಜಿ. ದಿನಾ ಸಿಗಡಿಮರಿ ಉದುರಿಸುವ ನೆಪದಲ್ಲಿ ಬಗ್ಗುತ್ತಾಳೆ, ಮೂಗು ಅರಳಿಸಿ ನೀರಿನ ವಾಸನೆ ನೋಡುತ್ತಾಳೆ, ತಲೆ ಆಡಿಸುತ್ತಾಳೆ. ಊಟದ ವಾಸನೆ ನೋಡುವವರು ಹಾಗಲ್ಲವೇ ಮಾಡುವುದು? ಇನ್ನು ಕಡ್ಡಣ್ಣ. ಹುಲ್ಲಿನ ನಡುವೆ ಹುಲ್ಲಿನಂತೆಯೇ ನಿಂತಿರುತ್ತಾನೆ. ಎಲ್ಲಿ ಹುಲ್ಲು ಮುಗಿಯಿತು, ಎಲ್ಲಿ ಕಡ್ಡಣ್ಣ ಶುರುವಾದ ಎಂದೇ ಗೊತ್ತಾಗುವುದಿಲ್ಲ. ಒಳ್ಳೆಯವನಿಗೆ ಬಚ್ಚಿಟ್ಟುಕೊಳ್ಳುವ ಕೆಲಸ ಏನು?

ಅಜ್ಜಿಯನ್ನು ನೋಡಿದರೆ ಕಡ್ಡಣ್ಣ ತಪ್ಪಿಹೋಗುತ್ತಿದ್ದ. ಕಡ್ಡಣ್ಣನನ್ನು ನೋಡಿದರೆ ಅಜ್ಜಿ ತಪ್ಪಿಹೋಗುತ್ತಿದ್ದಳು. ಡೊಂಕಯ್ಯ ಒಂದು ಕಣ್ಣನ್ನು ಮೇಲೆ ಅಜ್ಜಿಯ ಕಡೆಗೆ ಎಳೆದ, ಇನ್ನೊಂದನ್ನು ಕೆಳಗೆ ಕಡ್ಡಣ್ಣನ ಕಡೆಗೆ ಎಳೆದ. ಎಳೆದೂ ಎಳೆದೂ ಎರಡು ಕಣ್ಣಿನ ಜೋಡಿ ಬಿಟ್ಟುಹೋಯಿತು. ಈಗ ಒಂದು ಇತ್ತ ನೋಡಿದರೆ ಇನ್ನೊಂದು ಅತ್ತ. ಅವನಿಗೆ ಇದು ಬಹಳ ಅನುಕೂಲವಾಯಿತು. ಮೊಟ್ಟೆಯ ಕಡೆ ನೋಡಲು ಮಾತ್ರ ಮೂರನೆಯ ಕಣ್ಣಿರಲಿಲ್ಲ.

ಎರಡನೆಯ ದಿನ ಇನ್ನೂ ಆರು ಮೊಟ್ಟೆ ಹೋದವು. ಮೂರನೆಯ ದಿನ ಎಲೆಯಲ್ಲಿ ಒಂದೂ ಇರಲಿಲ್ಲ. ಮಿನುಗಿ ಖಾಲಿ ಎಲೆಗೆ ಬಾಲ ಸುತ್ತಿ ಕೂತಳು. ಕಡ್ಡಣ್ಣ ಎರಡು ಸಲ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದ. "ದೂರ ನಿಲ್ಲು!" ಎಂದು ಡೊಂಕಯ್ಯ ಎರಡು ಸಲವೂ ಮೇಲೆ ಬಿದ್ದ.

ಅಂದು ಮಧ್ಯಾಹ್ನ ಬಿಸಿಲು ಓರೆಯಾಗಿ ಬಾನಿಯೊಳಗೆ ಬಿತ್ತು. ಸಿಗಡಿಮರಿಗಾಗಿ ಕಡ್ಡಣ್ಣ ಮೇಲೇರಿದ. ಅವನ ಹೊಟ್ಟೆಯ ಅಡಿಭಾಗ ಫಳಫಳ ಹೊಳೆಯಿತು. ಅಲ್ಲಿ ಸಾಲಾಗಿ ಅಂಟಿಕೊಂಡಿದ್ದವು ಮಿನುಗಿಯ ಮೊಟ್ಟೆಗಳು.

"ಕಳ್ಳ! ಸಿಕ್ಕಿಬಿದ್ದ! ಅಜ್ಜೀ, ಓ ಅಜ್ಜೀ, ಬಂದು ನೋಡಿ ನಿಮ್ಮ ಒಳ್ಳೆಯವನನ್ನು!"

ಅಜ್ಜಿ ಓಡಿ ಬಂದಳು. ಕಡ್ಡಣ್ಣ ಜಾಗ ಬಿಟ್ಟು ಕದಲಲಿಲ್ಲ. "ಕದ್ದದ್ದಲ್ಲ ಅಣ್ಣ. ಹುಲ್ಲು ಕೊಳೀತಾ ಉಂಟು. ಎಲೆ ಜಾರಿ ಮೊಟ್ಟೆ ಕೆಳಗೆ ಬೀಳ್ತಿತ್ತು. ಕೆಸರಿಗೆ ಬಿದ್ರೆ ಸತ್ತೇ ಹೋಗ್ತಾವಲ್ಲ ಅಂತ ಒಂದೊಂದಾಗಿ ಹೊಟ್ಟೆಗೆ ಅಂಟಿಸಿಕೊಂಡೆ. ಹೇಳ್ಲಿಕ್ಕೆ ಬಂದ್ರೆ ನೀವು ಬಾಯಿ ಬಿಡ್ಲಿಕ್ಕೆ ಬಿಟ್ರಾ?"

ಅಜ್ಜಿ ಹುಲ್ಲನ್ನು ಮುಟ್ಟಿದಳು. ಅದು ಲೋಳೆಯಾಗಿ ಕೈಗೇ ಬಂತು. "ದಿನಾ ವಾಸನೆ ನೋಡಿ ನೋಡಿ ಇದೇ ಹೆದರಿಕೆ ನನಗೆ. ಹದಕ್ಕೆ ಬರುವ ಮೊದಲೇ ಇಳಿದ್ರಿ. ನೀರು ಕೆಟ್ಟಿತು, ಹುಲ್ಲು ಕೊಳೀತು. ಇನ್ನು ಯಾರನ್ನು ಬೈಯೂದು ಹೇಳು?"

ಡೊಂಕಯ್ಯನಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆಯಾಯಿತೆಂದರೆ, ಮೈಬಣ್ಣವೇ ಬದಲಾಯಿತು. ಆದರೆ ಸಂಶಯ ಅಷ್ಟು ಸುಲಭಕ್ಕೆ ಹೋಗುವ ಜಾತಿಯದ್ದಲ್ಲ. ಇವನು ಹೇಳುವುದೆಲ್ಲ ನಿಜವೆಂದೇ ಇಟ್ಟುಕೊಂಡರೂ, ನಾಳೆ ಹಸಿವಾದರೆ? "ನನ್ನ ಮೊಟ್ಟೆ ನನಗೆ ವಾಪಸು ಕೊಡು" ಎಂದ. ಕಡ್ಡಣ್ಣ ಮೈ ತಿರುಗಿಸಿ ಕೊಟ್ಟ, ಆದರೆ ಮೊಟ್ಟೆಗಳು ಚರ್ಮಕ್ಕೆ ಅಂಟಿ ಕೂತಿದ್ದವು. ಮರಿಯಾಗುವ ತನಕ ಬಿಡಿಸುವಂತಿರಲಿಲ್ಲ.

ಮಿನುಗಿಗೆ ಇನ್ನೂ ಮೊಟ್ಟೆ ಇಡುವುದಿತ್ತು. "ಎಲ್ಲಿ ಇಡ್ಲಿ?" ಎಂದಳು. ಹುಲ್ಲು ಬೇಡ, ಕಲ್ಲು ಬೇಡ, ಕಡ್ಡಣ್ಣನ ಹೊಟ್ಟೆಯಂತೂ ಬೇಡವೇ ಬೇಡ ಎಂದ ಡೊಂಕಯ್ಯ.

"ಯಾರ ಮೇಲೂ ನಂಬಿಕೆ ಇಲ್ಲದ ಮೇಲೆ ನೀನೇ ಹೊತ್ಕೋ!" ಎಂದು ಅಜ್ಜಿ ರೇಗಿದಳು. ರೇಗಿದರೂ ಸೊಂಟದಿಂದ ಎಲೆಯಡಿಕೆ ಸಂಚಿ ಬಿಚ್ಚಿ, ಅದರ ಮೂಲೆ ಕತ್ತರಿಸಿ, ಅವನ ಅಳತೆಗೆ ಒಂದು ಪುಟ್ಟ ಸಂಚಿ ಹೊಲಿದಳು. ಬಾಯಿಗೆ ದಾರ ಪೋಣಿಸಿದಳು.

"ದಾರದ ತುದಿ ಯಾರ ಕೈಯಲ್ಲಿ?" ಎಂದ ಡೊಂಕಯ್ಯ.

"ನಿನ್ನ ಕೈಯಲ್ಲೇ, ಮತ್ತೆ ಯಾರದ್ದು?"

"ನನಗೆ ಕೈ ಎಲ್ಲುಂಟು ಅಜ್ಜೀ?"

ಅಜ್ಜಿ ಹಣೆ ಚಚ್ಚಿಕೊಂಡಳು. ಆಮೇಲೆ ದಾರವನ್ನೂ ಒಳಗೇ ಸೇರಿಸಿ ಹೊಲಿದಳು. "ನೀನು ಮನಸ್ಸು ಮಾಡಿದ್ರೆ ಮಾತ್ರ ಇದರ ಬಾಯಿ ಬಿಡ್ತದೆ. ಸಾಕಾ?" ಲೋಕ ಹೊಸದಾಗಿದ್ದಾಗ ಮೂರು ದಿನ ತೊಟ್ಟದ್ದು ಮೈಯೇ ಆಗಿಬಿಡುತ್ತಿತ್ತು. ಸಂಚಿಯೂ ಹಾಗೆಯೇ ಅವನ ಹೊಟ್ಟೆಗೆ ಕೂಡಿಕೊಂಡಿತು. ಮಿನುಗಿ ಉಳಿದ ಮೊಟ್ಟೆಗಳನ್ನೆಲ್ಲ ಅದರೊಳಗೆ ಇಟ್ಟಳು. ಡೊಂಕಯ್ಯ ಸಂಚಿಯ ಬಾಯಿ ಬಿಗಿದುಕೊಂಡು, ಒಂದು ಕಣ್ಣನ್ನು ಕಡ್ಡಣ್ಣನ ಮೇಲೆ ನೆಟ್ಟು ದಿನ ಕಳೆದ.

ಅಜ್ಜಿ ಕೊಳೆತ ಹುಲ್ಲನ್ನೆಲ್ಲ ಕಿತ್ತು, ಕೆಟ್ಟ ನೀರನ್ನು ಸ್ವಲ್ಪ ಸ್ವಲ್ಪವಾಗಿ ತೆಗೆದು, ಹೊಸ ನೀರು ತುಂಬಿದಳು. ಒಂದು ಬೆಳಿಗ್ಗೆ ಹೊಸ ಹುಲ್ಲು ತರಲು ಅವಳು ದಡಕ್ಕೆ ಹೋಗಿದ್ದಳು. ಆಗಲೇ ಡೊಂಕಯ್ಯನ ಹೊಟ್ಟೆ ಹಿಂಡತೊಡಗಿತು. ಮನಸ್ಸು ಮಾಡಲೇಬೇಕಾಯಿತು. ಸಂಚಿಯ ಬಾಯಿ ಬಿಟ್ಟಿತು, ಒಂದು, ಹತ್ತು, ನೂರು ಮರಿಗಳು ಚಿಮ್ಮಿದವು. ಅದೇ ಹೊತ್ತಿಗೆ ಕಡ್ಡಣ್ಣನ ಹೊಟ್ಟೆಯ ಮೊಟ್ಟೆಗಳೂ ಒಡೆದವು. ಎಲ್ಲ ಮರಿಗಳೂ ಎಳ್ಳಿನಷ್ಟು ಗಾತ್ರ, ಎಲ್ಲಕ್ಕೂ ಪುಟ್ಟ ಸುರುಳಿ ಬಾಲ.

"ಮರಿ ಆಯ್ತಾ? ನೋಡ್ಲಿಕ್ಕೆ ಬಂದೆ!" ಎಂದು ಗಾಳಿ ಸಂಭ್ರಮದಿಂದ ಒಳನುಗ್ಗಿತು.

ಬೀಸದೆ ಬರುವುದು ಗಾಳಿಗೆ ಗೊತ್ತಿಲ್ಲ. ಬಾನಿಯ ನೀರು ಎದ್ದು ಅಂಚಿನಿಂದ ಹೊರಚೆಲ್ಲಿತು. ಮರಿಗಳು ಹಿಡಿಯಲು ಹುಲ್ಲಿಗಾಗಿ ಬಾಲ ಚಾಚಿದವು. ಹುಲ್ಲೆಲ್ಲಿ? ನೀರಿನೊಂದಿಗೆ ಅವೂ ಅಂಚಿನ ಕಡೆಗೆ ಜಾರತೊಡಗಿದವು. ಅಂಚಿನಾಚೆ ಒಣ ನೆಲ. ಡೊಂಕಯ್ಯ ಕೂಗಿದ, ಈಜಿದ. ನಿಧಾನದವನು ಎಷ್ಟೆಂದು ಈಜಿಯಾನು? ಅವನ ಬಾಲಕ್ಕೆ ಸಿಕ್ಕಿದ್ದು ಎರಡೇ ಮರಿ.

ಆಗ ಅಂಚಿನ ಎದುರಿಗೇ ಒಂದು ಹುಲ್ಲು ಎದ್ದು ನಿಂತಿತು.

ಅದು ಹುಲ್ಲಲ್ಲ, ಕಡ್ಡಣ್ಣ. ತಲೆ ಮೇಲೆ ಮಾಡಿ, ಮೈ ನೆಟ್ಟಗೆ ಮಾಡಿ, ಬಾಲವನ್ನು ಮರಳಿಗೆ ಊರಿ ನಿಂತಿದ್ದ. ಒಂದು ಮರಿ ಬಂದು ಅವನಿಗೆ ಬಾಲ ಸುತ್ತಿತು. ಅದರ ಬಾಲಕ್ಕೆ ಇನ್ನೊಂದು ಸುತ್ತಿತು. ನೋಡುತ್ತಿದ್ದಂತೆ ಉಳಿದ ಮರಿಗಳೆಲ್ಲ ಅವನ ಮೈತುಂಬ ಜೋತುಬಿದ್ದವು. ನೀರು ಬಡಿಯಿತು, ಗಾಳಿ ಬಡಿಯಿತು. ಕಡ್ಡಣ್ಣ ಅಲ್ಲಾಡಲಿಲ್ಲ.

ಡೊಂಕಯ್ಯನ ಎರಡು ಕಣ್ಣುಗಳೂ, ಎಷ್ಟೋ ದಿನಗಳ ಮೇಲೆ, ಒಂದೇ ಕಡೆ ನೋಡಿದವು. ಅವನಿಗೆ ಅಳು ಬಂತು. "ಕಡ್ಡಣ್ಣ, ಹಾಗೇ ನಿಂತಿರು ಮಾರಾಯ" ಎಂದ, "ಇನ್ನು ನಿನ್ನ ಮೇಲೆ ಕಣ್ಣಿಡೂದಿಲ್ಲ ನಾನು, ನೀನು ನಿಂತಿದ್ರೆ ಸಾಕು."

ಕಡ್ಡಣ್ಣ ಉತ್ತರ ಕೊಡಲಿಲ್ಲ. ಮಾತಾಡಿದರೆ ಮೈ ಅಲುಗುತ್ತದಲ್ಲ.

ಮಗೂ, ಇವತ್ತಿಗೂ ಅಪ್ಪ ಕಡಲಕುದುರೆಯೇ ಮರಿಗಳನ್ನು ಹೊಟ್ಟೆಯ ಸಂಚಿಯಲ್ಲಿ ಹೊರುತ್ತದೆ. ನೀನು ಗಾಜಿನ ತೊಟ್ಟಿಯ ಮುಂದೆ ನಿಂತರೆ ಒಂದು ಕಣ್ಣಿನಿಂದ ನಿನ್ನ ಬಾಯಿಯನ್ನೇ ನೋಡುತ್ತದೆ. ಪಕ್ಕದ ಹುಲ್ಲಿನಲ್ಲಿ ಕೊಳವೆಮೀನು ಮಾತ್ರ, ಗಾಳಿ ಇಲ್ಲದಿದ್ದರೂ, ತಲೆ ಎತ್ತಿ ಅಲ್ಲಾಡದೆ ನಿಂತಿರುತ್ತದೆ, ಯಾರ ಮರಿಗಾದರೂ ಹಿಡಿದುಕೊಳ್ಳಲು ಬೇಕಾದೀತು ಎಂದು.