ಇಪ್ಪತ್ತು ಡಾಲರಿನ ಗರಡಿ

ಒಂದು ವಸ್ತುವಿಗೆ ಜಗತ್ತಿನಲ್ಲೆಲ್ಲ ಒಂದೇ ಬೆಲೆ ಇರುವುದೇ ನ್ಯಾಯ ಎಂದು ಕಂಪನಿಯ ಅಮೆರಿಕದ ಮುಖ್ಯ ಕಚೇರಿಯಲ್ಲಿ ಎಲ್ಲರೂ ನಂಬಿದ್ದರು. ನಂಬಿಸಿದವರು ದೊಡ್ಡ ಸಾಹೇಬರಾದ ಜಮಖಂಡಿಯವರು.

ಹುಬ್ಬಳ್ಳಿ ಶಾಖೆಯವರು 'ಗರಡಿ' ಎಂಬ ಕುಸ್ತಿಯ ವಿಡಿಯೋ ಗೇಮ್ ಮಾಡಿದ್ದರು. ಅದರ ಕೆಂಪು ಮಣ್ಣು, ತೊಡೆ ತಟ್ಟುವ ಸದ್ದು, ಬೈಗುಳ ಎಲ್ಲ ಇಲ್ಲಿಯವೇ. ಅಮೆರಿಕದಲ್ಲಿ ಅದಕ್ಕೆ ಇಪ್ಪತ್ತು ಡಾಲರ್. ಇಲ್ಲಿ ಐನೂರು ರೂಪಾಯಿ. ಹಾಗೆ ಬೆಲೆ ಕಟ್ಟಿದವಳು ಶಾಖೆಯ ದಾಕ್ಷಾಯಣಿ.

ಸಾಹೇಬರು ವಿಮಾನ ಹತ್ತಿ ಬಂದರು. "ಇಲ್ಲೂ ಇಪ್ಪತ್ತು ಡಾಲರೇ ಹಾಕಿ. ಸಾವಿರದ ಏಳುನೂರು ರೂಪಾಯಿ. ಇವತ್ತೇ."

ಅಷ್ಟು ಕೊಟ್ಟು ಹುಬ್ಬಳ್ಳಿಯ ಹುಡುಗರು ಕೊಳ್ಳುವುದಿಲ್ಲ. ಆಟ ಹುಟ್ಟಿದ ಊರಲ್ಲೇ ಅದನ್ನು ಆಡುವವರು ಇರುವುದಿಲ್ಲ. ಆದರೂ ದಾಕ್ಷಾಯಣಿ ವಾದಕ್ಕೆ ಇಳಿಯಲಿಲ್ಲ.

"ಭಾಳ ಛಲೋ ಮಾತ್ರೀ ಸರ್. ಎಲ್ಲಾರ ಮುಂದ ಒಮ್ಮೆ ಹೇಳಿಬಿಡ್ರಿ."

ಸಾಹೇಬರಿಗೆ ಮೈಕು ಕಂಡರೆ ಪ್ರೀತಿ. ಶಾಖೆಯವರೆಲ್ಲ ಸೇರಿದರು. "ಸರಕು ಒಂದೇ ಆದರೆ ಬೆಲೆಯೂ ಒಂದೇ. ದೇಶ ಯಾವುದಾದರೇನು?" ಎಂದರು ಸಾಹೇಬರು.

"ಆಟಕ್ಕಷ್ಟ ಏನ್ರೀ ಸರ್?" ಎಂದಳು ದಾಕ್ಷಾಯಣಿ.

"ಎಲ್ಲಕ್ಕೂ! ಅದು ನನ್ನ ತತ್ವ."

ದಾಕ್ಷಾಯಣಿ ಜೊತೆಯವರತ್ತ ತಿರುಗಿದಳು. "ಚಪ್ಪಾಳಿ ಹೊಡೀರಿ! ಕೆಲಸ ಎರಡೂ ಕಡೆ ಒಂದ. ಬರೂ ತಿಂಗಳಿಂದ ನಮಗೂ ಅಮೆರಿಕದ ಪಗಾರ!"

ಚಪ್ಪಾಳೆ ನಿಲ್ಲಲೇ ಇಲ್ಲ. ಹಿಂದಿನಿಂದ ಯಾರೋ ಸಿಳ್ಳೆ ಹೊಡೆದರು. ಸಾಹೇಬರು ಒಂದು ಲೋಟ ನೀರು ಕುಡಿದರು, ಇನ್ನೊಂದು ಕೇಳಿದರು.

"ಅಲ್ಲಮ್ಮ, ಅಲ್ಲಿಯ ಖರ್ಚೇ ಬೇರೆ, ಇಲ್ಲಿಯ ಖರ್ಚೇ ಬೇರೆ."

"ಹೌದ್ರೀ ಸರ್. ನಾ ಐನೂರು ಹಾಕಿದ್ದು ಅದಕ್ಕರೀ."

ಗರಡಿ ಐನೂರಕ್ಕೇ ಉಳಿಯಿತು. ಕಂಪನಿ ಹುಬ್ಬಳ್ಳಿಗೆ ಬಂದಿದ್ದೇ ಇಲ್ಲಿ ಪಗಾರ ಕಡಿಮೆ ಎಂದು.