ದೊಡ್ಡತಾಯಮ್ಮನ ನೋವಿನ ಪಟ್ಟಿ

ಕೇಳ್ರಪ್ಪಾ, ದೊಡ್ಡತಾಯಮ್ಮನಿಗೆ ಒಬ್ಬನೇ ಮಗ, ಮರಿಸಿದ್ದ. ವಯಸ್ಸು ನಲವತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ತಾಯಿಗೆ ಚಿಂತೆ. ಮೊದಲೇ ಬೆನ್ನುಮೂಳೆ ಸವೆದು ಕೂತರೆ ನೋವು, ನಿಂತರೆ ನೋವು. "ನನ್ನ ನೋಡ್ಕೊಳ್ಳೋಕೆ ಇವನೇ ಗತಿಯಾ ಶಿವನೇ!" ಅಂತಿದ್ದಳು.

ಮಾತ್ರೆ ನಾಟಲಿಲ್ಲ. ಡಾಕ್ಟರು ಪ್ಲಾಸ್ಟರಿನ ಹಾಗೆ ಅಂಟಿಸುವ ನೋವಿನ ಪಟ್ಟಿ ಬರೆದುಕೊಟ್ಟರು. ನರ್ಸ್ ಜಯಶೀಲಮ್ಮ ಮರಿಸಿದ್ದನಿಗೆ ಹೇಳಿದಳು: "ಭಾರೀ ಔಷಧಿ, ಹುಷಾರು! ಮೂರು ದಿನಕ್ಕೊಂದು. ಚೆನ್ನಾಗಿ ಒಣಗಿದ ಚರ್ಮಕ್ಕೆ ಅಂಟಿಸು."

ಮನೆಗೆ ಬಂದ. ಒಣಗಿದ ಚರ್ಮ ಎಲ್ಲಿದೆ? ಬಿಸಿಲಲ್ಲಿ ಚರ್ಮದ ಚಪ್ಪಲಿ ಒಣಗಿತ್ತು. ಅಂಟಿಸಿದ!

ಸಾಯಂಕಾಲವಾದರೂ ಅವ್ವನ ನರಳಾಟ ನಿಲ್ಲಲಿಲ್ಲ. "ಪಟ್ಟಿ ಎಲ್ಲೋ?"

"ಚಪ್ಪಲಿಗೆ ಅಂಟಿಸಿದೆ ಅವ್ವಾ!"

"ಅಯ್ಯೋ ನಿನ್ನ! ನೋವು ಚಪ್ಪಲಿಗಾ, ನನಗಾ? ನನ್ನ ಬೆನ್ನಿಗೆ ಅಂಟಿಸೋ! ಮೂರು ದಿನಕ್ಕೊಂದು, ಮರೀಬೇಡ!"

ಮರೆಯಲಿಲ್ಲ. ಅವತ್ತೊಂದು ಅಂಟಿಸಿದ. ಮೂರು ದಿನ ಬಿಟ್ಟು ಇನ್ನೊಂದು. ಮತ್ತೆ ಮೂರು ದಿನ ಬಿಟ್ಟು ಮತ್ತೊಂದು. ಹಳೇದನ್ನು ಕೀಳು ಅಂತ ಯಾರೂ ಹೇಳಿರಲಿಲ್ಲ. ಅವನು ಕೀಳಲಿಲ್ಲ.

ಮೂರನೇದು ಅಂಟಿಸಿದ ಮರುದಿನ ಬೆಳಿಗ್ಗೆ ಕರೆದ. "ಅವ್ವಾ!" ಮಾತಿಲ್ಲ. ಮುದ್ದೆ ಆರಿತು, ಸಾರು ಆರಿತು. ಭುಜ ಅಲ್ಲಾಡಿಸಿದ. ಕಣ್ಣು ಬಿಡಲಿಲ್ಲ. ಒಂದು ಉಸಿರು ಬಂತು. ಕಾದ, ಕಾದ. ಎಷ್ಟೋ ಹೊತ್ತಿಗೆ ಇನ್ನೊಂದು. "ಅವ್ವ ಮಾತಾಡ್ತಿಲ್ಲಾ!" ಅಂತ ಕೂಗುತ್ತಾ ಬರಿಗಾಲಲ್ಲೇ ಆಸ್ಪತ್ರೆಗೆ ಓಡಿದ.

ಆಂಬುಲೆನ್ಸ್ ಬಂತು. ಜಯಶೀಲಮ್ಮ ಮೂರೂ ಪಟ್ಟಿ ಕಿತ್ತಳು. ಡಾಕ್ಟರು ಸೂಜಿ ಚುಚ್ಚಿದರು. ಮರಿಸಿದ್ದ ವಾರ್ಡಿನ ಬಾಗಿಲಲ್ಲಿ ಅಳುತ್ತಾ ಕೂತ. ಮಧ್ಯಾಹ್ನದ ಹೊತ್ತಿಗೆ ಅವ್ವ ಕಣ್ಣು ಬಿಟ್ಟಳು. "ಹಾಳಾದೋನೆ, ಉಂಡ್ಯಾ?"

ಜಯಶೀಲಮ್ಮ ಗದರಿದಳು: "ಹಳೇದು ಕಿತ್ತ ಮೇಲೇ ಹೊಸದು ಕಣಯ್ಯಾ! ನಾನೂ ಬಿಡಿಸಿ ಹೇಳಬೇಕಿತ್ತು. ಇನ್ಮೇಲೆ ಏಳವ್ವ ಅಂದಾಗ ಏಳಲಿಲ್ಲ ಅಂದ್ರೆ ತಕ್ಷಣ ಆಸ್ಪತ್ರೆಗೆ ಓಡಿ ಬಾ!"

ಮನೆಗೆ ಹೋದ ಮೂರನೇ ದಿನವೇ ಓಡಿ ಬಂದ. "ಅವ್ವ ಏಳ್ತಿಲ್ಲ!"

ಜಯಶೀಲಮ್ಮ ಬಿದ್ದೆನೋ ಎದ್ದೆನೋ ಅಂತ ಓಡಿದಳು. ನೋಡಿದರೆ ದೊಡ್ಡತಾಯಮ್ಮ ಜಗಲಿ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಳೆ!

"ಏಳು ಅಂದ. ಕಾಯಿ ಮುಗೀಲಿ, ಈಗ ಏಳಲ್ಲ ಅಂದೆ!"

ಜಯಶೀಲಮ್ಮ ಏದುಸಿರು ಬಿಡುತ್ತಾ ಪಕ್ಕದಲ್ಲೇ ಕುಸಿದಳು. "ಸುಸ್ತಾಯ್ತು ತಾಯಿ. ನಾನೂ ಸ್ವಲ್ಪ ಹೊತ್ತು ಇಲ್ಲಿಂದ ಏಳಲ್ಲ!"

ಮರಿಸಿದ್ದನ ಮುಖ ಬಿಳಿಚಿಕೊಂಡಿತು. ತಿರುಗಿ ನೋಡದೆ ಓಡಿದ. ಅರ್ಧ ಗಂಟೆಯೊಳಗೆ ಆಂಬುಲೆನ್ಸ್ ಮನೆ ಮುಂದೆ ನಿಂತಿತ್ತು. ಮುಂದಿನ ಸೀಟಲ್ಲಿ ಕೂತು ಅವನು ಬಾಯಿ ಬಡಿದುಕೊಳ್ಳುತ್ತಿದ್ದ: "ಬೇಗ ಎತ್ಕೊಳ್ರಪ್ಪೋ! ನರ್ಸಮ್ಮನೂ ಏಳ್ತಿಲ್ಲ!"